ಲೈಸೆನ್ಸ್ ಮೇಲೆ 1988 ಅಂತಿದ್ದರೆ ಅದು 1988ರದ್ದಾ?

ಬೆಳಗ್ಗೆಯಿಂದ ತಲೆ ಕೆಟ್ಟಿದೆ. ಬರೆದು ಹಾಕದಿದ್ದರೆ ರಾತ್ರಿ ನಿದ್ದೆ ಬರಲ್ಲ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನನ್ನ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಇಲ್ಲಿ ಇಂಗ್ಲೆಂಡಿನಲ್ಲಿರುವ ಉಳಿದ ಕನ್ನಡದ ಹೆಂಗಸರು ಟೊಮೆಟೊ ಬೆಳೆಯುತ್ತಾರೆ, ಗೊಂಬೆ ಕೂರಿಸುತ್ತಾರೆ. ನಾನು ಬಯೊನೆಟ್ ಸಂಗ್ರಹಿಸುತ್ತೇನೆ. ಅದೇ, ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ. ಇವತ್ತು ಭಾನುವಾರ, ಯಾರ್ಕ್‌ಷೈರ್‌ನ ಒಂದು ಹಳೇ ಸಾಮಾನಿನ ಸಂತೆಗೆ ಹೋಗಿದ್ದೆ. ಒಂದು ಮೇಜಿನ ಮೇಲೆ ಕೆಂಪು ಮಖಮಲ್ಲು ಹಾಸಿ, ಅದರ ಮೇಲೆ ದೇವರ ಹಾಗೆ ಒಂದನ್ನು ಮಲಗಿಸಿದ್ದರು. ಚೀಟಿಯಲ್ಲಿ '1907ರದ್ದು, ಕೊಕ್ಕೆ ಇರುವ ಅಪರೂಪದ ಮಾದರಿ, 600 ಪೌಂಡ್' ಅಂತ ಬರೆದಿತ್ತು.

ನಾನು ಬಗ್ಗಿ ನೋಡುತ್ತಿದ್ದಂತೆ ಅಂಗಡಿಯವನ ಮೊದಲ ಮಾತು, "ಗಂಡನಿಗೆ ಗಿಫ್ಟಾ?"

ಇರಲಿ. ಅದಕ್ಕೆ ಇನ್ನೊಂದು ದಿನ ಬೈತೀನಿ.

ಕೊಕ್ಕೆಯ ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಬ್ರಿಟಿಷ್ ಸೇನೆ ಉದ್ದ ಬಂದೂಕು ಬಿಟ್ಟು ಗಿಡ್ಡ ಲೀ-ಎನ್‌ಫೀಲ್ಡ್ ಹಿಡಿಯಿತು. ಬಂದೂಕು ಗಿಡ್ಡವಾದರೆ ಎದುರಾಳಿಯವರೆಗೆ ಚೂರಿ ಮುಟ್ಟಲ್ಲ ಅಂತ ಬಯೊನೆಟ್ಟಿನ ಅಲಗನ್ನು 12 ಇಂಚಿನಿಂದ 17 ಇಂಚಿಗೆ ಎಳೆದರು. ಅದೇ 1907ರ ಮಾದರಿ. ಜಪಾನಿನವರ ಬಯೊನೆಟ್ ನೋಡಿ, ಹಿಡಿಯ ಹತ್ತಿರದ ಅಡ್ಡಪಟ್ಟಿಗೆ ಒಂದು ಕೊಕ್ಕೆಯನ್ನೂ ಇಟ್ಟರು. ಎದುರಾಳಿಯ ಅಲಗನ್ನು ಅದರಲ್ಲಿ ಸಿಕ್ಕಿಸಿ ತಿರುಚಬಹುದು ಅನ್ನೋ ಲೆಕ್ಕಾಚಾರ. 1913ರಲ್ಲಿ ಕೊಕ್ಕೆ ಬೇಡ ಅಂತ ತೀರ್ಮಾನವಾಯಿತು. ಆಮೇಲೆ ಮಾಡಿದವಕ್ಕೆ ಕೊಕ್ಕೆ ಇಲ್ಲ. ಮೊದಲು ಮಾಡಿದವು ರಿಪೇರಿಗೆ ಬಂದಾಗ ಕೊಕ್ಕೆ ಕತ್ತರಿಸಿ ಉಜ್ಜಿ ಕಳಿಸಿದರು. ಹಾಗಾಗಿ ಕೊಕ್ಕೆ ಉಳಿದದ್ದು ಸಿಕ್ಕರೆ ಹಬ್ಬ. ಅದಕ್ಕೇ ಆ ಬೆಲೆ.

ಈಗ ಅಲಗಿನ ಬುಡ ನೋಡಿ. ಹೆಬ್ಬೆಟ್ಟಿನಷ್ಟು ಜಾಗ. ಮೇಲೆ ಕಿರೀಟ, ಅದರ ಕೆಳಗೆ ರಾಜನ ಹೆಸರಿನ ಅಕ್ಷರ, ಅದರ ಕೆಳಗೆ 1907. ಇನ್ನೂ ಕೆಳಗೆ ಸಣ್ಣದಾಗಿ ತಿಂಗಳು ಮತ್ತು ವರ್ಷ, ಕೊನೆಗೆ ಮಾಡಿದವರ ಹೆಸರು. ಆ 1907 ಮಾದರಿಯ ಹೆಸರು ಕಣ್ರೀ! ತಯಾರಾದ ವರ್ಷ ಅಲ್ಲ. ನಿಮ್ಮ ಡ್ರೈವಿಂಗ್ ಲೈಸೆನ್ಸಿನಲ್ಲಿ ಮೋಟಾರು ವಾಹನ ಕಾಯ್ದೆ 1988 ಅಂತಿದ್ದರೆ ಲೈಸೆನ್ಸು 1988ರಲ್ಲಿ ಕೊಟ್ಟಿದ್ದಾ? ಮಖಮಲ್ಲಿನ ಮೇಲಿದ್ದ ದೇವರ ಬುಡದಲ್ಲಿ 1907ರ ಕೆಳಗೆ ಏನಿತ್ತು ಗೊತ್ತಾ? 5, ಪಕ್ಕದಲ್ಲಿ 17. ಅಂದರೆ 1917ರ ಮೇ ತಿಂಗಳು. ಕೆಳಗೆ ಸ್ಯಾಂಡರ್ಸನ್, ಶೆಫೀಲ್ಡಿನವರು. ಕೊಕ್ಕೆ ನಿಲ್ಲಿಸಿ ನಾಲ್ಕು ವರ್ಷ ಆದ ಮೇಲೆ ಹುಟ್ಟಿದ್ದಕ್ಕೆ ಕೊಕ್ಕೆ!

ಮೆಲ್ಲಗೇ ಹೇಳಿದೆ. ಅವನು ನಕ್ಕು, "17 ಅನ್ನೋದು ಬ್ಯಾಚ್ ನಂಬರು" ಅಂದ.

ಬ್ಯಾಚ್ ನಂಬರಂತೆ. ಮಾತ್ರೆ ಡಬ್ಬಿ ಇದು.

ಕೊಕ್ಕೆಯ ಬುಡಕ್ಕೆ ಬೆಳಕು ಹಿಡಿದೆ. ಅಸಲಿಯಲ್ಲಿ ಅಡ್ಡಪಟ್ಟಿ, ಕೊಕ್ಕೆ ಎರಡೂ ಒಂದೇ ತುಂಡು, ಒಂದೇ ಬಣ್ಣ. ಇದರಲ್ಲಿ ಒಳಗಿನ ಬಾಗಿನ ಹತ್ತಿರ ಕಣ್ಣಿಗೆ ಕಾಣುವ ಗೆರೆ. ಗೆರೆಯ ಆಚೆಯ ಕಬ್ಬಿಣ ಒಂದು ಬಣ್ಣ, ಈಚೆಯದು ಇನ್ನೊಂದು. ಅರದಿಂದ ಉಜ್ಜಿದ ಗೀರುಗಳೂ ಹೊಸದಾಗಿಯೇ ಇದ್ದವು. ಮೇಲೆ ಟೀ ಡಿಕಾಕ್ಷನ್ ತರಹ ಏನೋ ಬಳಿದಿದ್ದರು.

ಇವನೇ ಅಂಟಿಸಿದ ಅಂತ ನಾನು ಹೇಳುತ್ತಿಲ್ಲ. ಪಾಪ, ಅವನಿಗೂ ಯಾರೋ ತಲೆಗೆ ಕಟ್ಟಿರಬಹುದು. ನನ್ನ ಸಿಟ್ಟು ಓದದೆ ಇರೋದರ ಮೇಲೆ. ಕಬ್ಬಿಣದ ಮೇಲೆ ಅಷ್ಟು ಸ್ಪಷ್ಟವಾಗಿ ಕೊರೆದಿಟ್ಟಿದ್ದಾರೆ. ಅದನ್ನು ಬಿಟ್ಟು ಚೀಟಿ ಓದುತ್ತಾರೆ.

ನನ್ನ ಜೊತೆ ಬಂದಿದ್ದ ಗೆಳೆಯರೊಬ್ಬರು (ಇದನ್ನು ಓದುತ್ತಿದ್ದೀರಿ, ನಮಸ್ಕಾರ ಸಾರ್) ವಾದಕ್ಕೆ ಬಂದರು. ಯುದ್ಧದ ಕಾಲ, ಮುರಿದ ಹಳೇದರ ಅಡ್ಡಪಟ್ಟಿ ತೆಗೆದು ಹೊಸ ಅಲಗಿಗೆ ಹಾಕಿರಬಾರದೇಕೆ? ಹಿಡಿಯ ತುದಿಯಲ್ಲಿ ಕಸ ಹೋಗಲು ಒಂದು ತೂತು ಇರುತ್ತಲ್ಲ, ಅದು 1916ರಲ್ಲಿ ಬಂದದ್ದು. ಹಳೆಯವಕ್ಕೂ ಆಮೇಲೆ ಕೊರೆದರು. ಹಾಗೆ ಇದೂ ಆಗಿರಬಹುದಲ್ವಾ? ಸಾರ್, ತೂತಿನ ವಿಷಯ ನಿಜ. ತೂತು ನೋಡಿ ಕಾಲ ಹೇಳಬಾರದು. ಆದರೆ ಸರ್ಕಾರವೇ ಗರಗಸ ಹಿಡಿದು ಕೊಕ್ಕೆ ಕತ್ತರಿಸುತ್ತಿದ್ದ ಕಾಲದಲ್ಲಿ ಅದೇ ಸರ್ಕಾರದ ಕಮ್ಮಾರ ಕೂತು ಕೊಕ್ಕೆ ಹಾಕುತ್ತಿದ್ದನಾ? ಅದೂ ವೆಲ್ಡಿಂಗ್ ಮಾಡಿ?

'ಅವರ ದುಡ್ಡು, ಅವರಿಷ್ಟ' ಅಂತ ಇನ್ನೊಬ್ಬರು ಹೇಳುತ್ತಾರೆ, ನನಗೆ ಗೊತ್ತು. ಇಷ್ಟ ಅಲ್ಲ ಸ್ವಾಮಿ. ಆ ಕೊಕ್ಕೆ ಅಂಟಿಸೋಕೆ ಒಂದು ಒಳ್ಳೇ 1917ರ ಬಯೊನೆಟ್ ಹಾಳಾಯಿತು. ಅದು ಹಾಗೇ ಇದ್ದಿದ್ದರೆ ಸಾಮಾನ್ಯದ್ದೇ, ಆದರೆ ನಿಜವಾದದ್ದು.

ಇಷ್ಟಕ್ಕೇ ಸುಮ್ಮನಾಗಿ ಬಂದುಬಿಡುತ್ತಿದ್ದೆ. ಅದೇ ಮೇಜಿನ ಮೂಲೆಯಲ್ಲಿ ಒಂದು ಗಿಡ್ಡ ಬಯೊನೆಟ್ ಕಾಣಿಸಿತು. ಚೀಟಿ: 'ಇಂಡಿಯನ್, ಯಾರೋ ಕತ್ತರಿಸಿದ್ದಾರೆ, 40 ಪೌಂಡ್.' ಬುಡದಲ್ಲಿ ಆರ್.ಎಫ್.ಐ. ಅಂದರೆ ಇಶಾಪುರ, ಕಲ್ಕತ್ತೆಯ ಹತ್ತಿರದ ರೈಫಲ್ ಕಾರ್ಖಾನೆ. ವರ್ಷ 1943.

ನನ್ನ ಮೈ ಉರಿದದ್ದು ಇಲ್ಲಿ. 17 ಇಂಚಿನ ಅಲಗಿನ ಎರಡೂ ಬದಿಯಲ್ಲಿ ಉದ್ದಕ್ಕೆ ಒಂದು ತೋಡು ಇರುತ್ತದೆ. (ರಕ್ತ ಹರಿಯೋಕೆ ಅಂತ ದಯವಿಟ್ಟು ಕಾಮೆಂಟ್ ಹಾಕಬೇಡಿ. ತೂಕ ಇಳಿಸೋಕೆ.) ಉದ್ದದ್ದನ್ನು ಕತ್ತರಿಸಿದರೆ ಆ ತೋಡು ಎಲ್ಲಿಗೆ ಹೋಗುತ್ತೆ? ತುದಿಯ ಹತ್ತಿರದವರೆಗೂ ಓಡಿರಬೇಕು. ಅಂಥವೂ ಇವೆ, ಇಂಡಿಯಾದಲ್ಲಿ ಅಧಿಕೃತವಾಗಿಯೇ 12 ಇಂಚಿಗೆ ಇಳಿಸಿದವು. ಆದರೆ ಇದರಲ್ಲಿ ತೋಡೇ ಇಲ್ಲ! ಅಲಗು ಸಪಾಟು. ಹಿಡಿಯ ತುದಿ ಗುಂಡಗೆ ಇಲ್ಲ, ಚೌಕ. ಇದು ಹುಟ್ಟಿದ್ದೇ 12 ಇಂಚು. ಯುದ್ಧದ ಅವಸರದಲ್ಲಿ ಬೇಗ, ಅಗ್ಗವಾಗಿ ಮಾಡಿದ ಇಂಡಿಯಾ ಮಾದರಿ. ಯಾರೂ ಏನೂ ಕತ್ತರಿಸಿಲ್ಲ. ಅಂಟಿಸಿದ್ದಕ್ಕೆ 600, ಅಸಲಿಗೆ 'ಹಾಳಾಗಿದೆ' ಅನ್ನೋ ಬಿರುದು. ಇಂಡಿಯನ್ ಅಂದ ತಕ್ಷಣ ಓದೋದೂ ಬೇಡ, ಅಲ್ವಾ?

ಇದನ್ನೆಲ್ಲ ಹೇಳಿದೆ. ಅವನು ಫೋನ್ ನೋಡತೊಡಗಿದ.

ಸರಿ, ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ನನ್ನ ಬೀರುವಿನಲ್ಲೂ ಒಂದು ಕೊಕ್ಕೆಯದ್ದಿದೆ. ಒಂಬತ್ತು ವರ್ಷದ ಹಿಂದೆ, ಹೊಸದರಲ್ಲಿ ಕೊಂಡದ್ದು. 1907 ಅಂತ ಓದಿದೆ, ಕೆಳಗಿನ ಸಾಲು ಓದಲಿಲ್ಲ. 1918. ಕೊಟ್ಟದ್ದು 380 ಪೌಂಡ್. ಮನೆಯಲ್ಲಿ ಹೇಳಿದ್ದು 80. ಇವರೂ ಫೇಸ್‌ಬುಕ್‌ನಲ್ಲಿದ್ದಾರೆ, ಸಂಜೆ ಏನಾಗುತ್ತೋ ನೋಡೋಣ.

ಊರಿಗೆ ಬರುವಾಗ ಒಂದು ತಂದುಕೊಡು ಅಂತ ಇನ್‌ಬಾಕ್ಸಿಗೆ ಬರಬೇಡಿ ಮತ್ತೆ. ನಮ್ಮ ಆಯುಧಗಳ ನಿಯಮದಲ್ಲಿ ಬಯೊನೆಟ್ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ವಿಮಾನ ನಿಲ್ದಾಣದಲ್ಲಿ ನಿಂತು ಇದು ಇತಿಹಾಸ ಅಂತ ವಿವರಿಸೋ ತಾಳ್ಮೆ ನನಗಿಲ್ಲ.

ಹೊರಡುವಾಗ ಮೇಜಿನ ಕೆಳಗೆ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ ಕಂಡಿತು. ಒಳಗೆ ಎರಡನೇ ಮಹಾಯುದ್ಧದ ಮೊಳೆ ಬಯೊನೆಟ್ಟುಗಳು. ಅಲಗಿಲ್ಲ, ಸುಮ್ನೆ 8 ಇಂಚಿನ ದಪ್ಪ ಮೊಳೆ. ಲಕ್ಷಗಟ್ಟಲೆ ಮಾಡಿದವು, ಡೇರೆ ಗೂಟದ ಹಾಗೆ ಬಿದ್ದಿರುತ್ತವೆ. ಯಾವುದು ಆರಿಸಿದರೂ 15 ಪೌಂಡ್. ಕೈ ಹಾಕಿ ಕಲಕಿದೆ. ಎಲ್ಲ ಉರುಟು, ಉರುಟು, ಉರುಟು. ಒಂದು ಮಾತ್ರ ಬೆರಳಿಗೆ ಬೇರೆ ಥರ ಸಿಕ್ಕಿತು. ನಾಲ್ಕೂ ಕಡೆ ಉದ್ದಕ್ಕೆ ತೋಡು ತೆಗೆದಿದೆ. ತುದಿಯಿಂದ ನೋಡಿದರೆ ಕೂಡಿಸುವ ಚಿಹ್ನೆ. ಬುಡದಲ್ಲಿ ಎಸ್.ಎಂ. ಅಂತ ಎರಡಕ್ಷರ.

ಸಿಂಗರ್! ಹೌದು, ಹೊಲಿಗೆ ಮೆಷಿನ್ನಿನ ಸಿಂಗರ್. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಲ್ಲಿ ಈ ಮೊದಲ ಮಾದರಿಯನ್ನು 75,000ದಷ್ಟು ಮಾಡಿದರು, ಅಷ್ಟೇ. ಆಮೇಲೆ ಕೆಲಸ ಜಾಸ್ತಿ ಅಂತ ತೋಡು ಬಿಟ್ಟು ಉರುಟು ಮೊಳೆಗೆ ಇಳಿದರು.

ನಾನು ಅವನಿಗೆ ಹೇಳಲಿಲ್ಲ. 15 ಕೊಟ್ಟೆ. "ಡೇರೆಗಾ?" ಅಂತ ಕೇಳಿದ. "ಹೂಂ" ಅಂದೆ.

ಕಾರಿನಲ್ಲಿ ಕೂತಾಗ ಸ್ವಲ್ಪ ನಾಚಿಕೆ ಆಯಿತು, ಸುಳ್ಳು ಹೇಳಲ್ಲ. ಅರ್ಧ ಗಂಟೆ ಓದಿ ಓದಿ ಅಂತ ಭಾಷಣ ಮಾಡಿದವಳು, ನನಗೆ ಲಾಭ ಇದ್ದ ಕಡೆ ಬಾಯಿ ಮುಚ್ಚಿಕೊಂಡೆ. ಸ್ವಲ್ಪವೇ ನಾಚಿಕೆ. "ಗಂಡನಿಗೆ ಗಿಫ್ಟಾ" ನೆನಪಾಯಿತು, ಹೋಯಿತು.

ಮನೆಗೆ ಬಂದು ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ನಿನ್ನ ಹೊಲಿಗೆ ಮೆಷಿನ್ ಮಾಡಿದ ಕಂಪನಿಯವರೇ ಮಾಡಿದ್ದು ಕಣಮ್ಮ, ಅಂದೆ. ಹಿಂದೆ ಮುಂದೆ ತಿರುಗಿಸು ಅಂದಳು. ತಿರುಗಿಸಿದೆ. ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ನೋಡಿದಳು.

"ಗಟ್ಟಿಯಾಗಿದೆ. ನೆಲಕ್ಕೆ ಊರಿದರೆ ಕಾಯಿ ಸುಲಿಯೋಕಾಗುತ್ತೆ. ಇನ್ನೊಂದಿದ್ರೆ ತಗೊಂಡು ಬಾ."