ಕಾಕಾ ಕಾಕಾನೇ ಹೌದೋ ಅಲ್ಲೋ

ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ಗದ್ದಲದಲ್ಲಿ ಫೋನ್ ಹೊಡೆಯುವವರು ಜಾಸ್ತಿ ಎಂದು ಯಾರೋ ಹೆದರಿಸಿದ್ದಕ್ಕೆ ನಮ್ಮ ಕಾಕಾ ಮನೆ ಬಿಡುವ ಮುಂಚೆ ಫೋನಿನ ಪ್ಯಾಟರ್ನ್ ಬದಲಿಸಿಕೊಂಡರು. ಫೋನ್ ಸುರಕ್ಷಿತವಾಗಿ ಮನೆಗೆ ಬಂತು. ಪ್ಯಾಟರ್ನ್ ಮಾತ್ರ ಜಾತ್ರೆಯಲ್ಲೇ ಕಳೆದುಹೋಯಿತು.

ಮರುದಿನ ಬೆಳಗ್ಗೆ ಒಂಬತ್ತು ಚುಕ್ಕೆಗಳ ಮೇಲೆ ಕಾಕಾ ರಂಗೋಲಿ ಹಾಕಿದ್ದೇ ಹಾಕಿದ್ದು. ಫೋನ್ ಮೊದಲು 30 ಸೆಕೆಂಡ್ ತಡೀರಿ ಎಂದಿತು, ಆಮೇಲೆ ಇನ್ನೂ ಜಾಸ್ತಿ. ಕೊನೆಗೆ ಪಕ್ಕದ ಮನೆ ಹುಡುಗ ಬಂದ. "ಅಜ್ಜಾರ, ಎರಡು ನಿಮಿಷದ ಕೆಲಸ" ಎಂದವನೇ ಪವರ್ ಬಟನ್, ವಾಲ್ಯೂಮ್ ಬಟನ್ ಎರಡನ್ನೂ ಒತ್ತಿ ಹಿಡಿದು ಫ್ಯಾಕ್ಟರಿ ರೀಸೆಟ್ ಮಾಡಿಯೇಬಿಟ್ಟ. ಮೊಮ್ಮಕ್ಕಳ ಫೋಟೋ, ಊರವರ ನಂಬರು, ಎಲ್ಲ ಸ್ವಾಹಾ. ಫೋನ್ ಈಗ ಹುಟ್ಟಿದ ಕೂಸಿನಂತೆ ಎದ್ದು ಭಾಷೆ ಯಾವುದು ಎಂದು ಕೇಳಿತು, ವೈಫೈ ಕೇಳಿತು. ಆಮೇಲೆ ಇನ್ನೊಂದು ಕೇಳಿತು: ಮೊದಲು ಇದರಲ್ಲಿದ್ದ ಗೂಗಲ್ ಖಾತೆ ಯಾವುದು? ಇಲ್ಲವೇ ಹಳೆಯ ಪ್ಯಾಟರ್ನ್ ಹಾಕಿ.

ಪ್ಯಾಟರ್ನ್ ಮರೆತಿದ್ದಕ್ಕೇ ಅಲ್ವಾ ರೀಸೆಟ್ ಮಾಡಿದ್ದು!

"ನಂದ ಫೋನ್, ನಂದ ರೊಕ್ಕ. ನೀ ಯಾರು ಅಂತ ನನಗ ಕೇಳತೈತಲ್ಲೋ ಇದು. ಗೋಳಗುಮ್ಮಟದಾಗ ನಿಂತು ಕೂಗಿದಂಗ ಆತು, ನಾ ಕೇಳಿದ್ದs ನನಗ ವಾಪಸ್ ಬರಾಕತ್ತೈತಿ" ಎಂದರು ಕಾಕಾ.

ಈ ಬೀಗವೇನೂ ಸುಮ್ನೆ ಬಂದದ್ದಲ್ಲ. ಕದ್ದ ಫೋನನ್ನು ರೀಸೆಟ್ ಮಾಡಿ ಮಾರುವವರ ಕೈ ಕಟ್ಟಲು ಆಪಲ್ 2013ರಲ್ಲಿ, ಗೂಗಲ್ 2015ರಲ್ಲಿ ಆಂಡ್ರಾಯ್ಡ್ 5.1ರ ಜೊತೆ ಇಂಥದ್ದೊಂದನ್ನು ತಂದವು. ಆಂಡ್ರಾಯ್ಡಿನವರು ಇದನ್ನು ಫ್ಯಾಕ್ಟರಿ ರೀಸೆಟ್ ಪ್ರೊಟೆಕ್ಷನ್, ಚಿಕ್ಕದಾಗಿ ಎಫ್‌ಆರ್‌ಪಿ ಅನ್ನುತ್ತಾರೆ. ಸೆಟ್ಟಿಂಗ್ಸ್ ಒಳಗೆ ಹೋಗಿ, ಖಾತೆ ತೆಗೆದು, ಆಮೇಲೆ ರೀಸೆಟ್ ಮಾಡಿದರೆ ಅದು ತುಟಿ ಪಿಟಕ್ ಅನ್ನುವುದಿಲ್ಲ. ಹೊರಗಿನಿಂದ ಬಟನ್ ಒತ್ತಿದರೆ ಕಳ್ಳನ ಲೆಕ್ಕ. ಇರಲಿ, ಒಳ್ಳೆಯದೇ. ಆದರೆ ಕಾಯಲು ಒಳಗೆ ಕಾಕಾನದು ಏನೂ ಉಳಿದಿರಲಿಲ್ಲ. ಖಾಲಿ ಹಗೇವಿಗೆ ಕೀಲಿ ಹಾಕಿದಂತಾಗಿತ್ತು.

ಖಾತೆ ಅಂದರೆ ಕಾಕಾಗೆ ಬ್ಯಾಂಕಿನದು ಗೊತ್ತು, ಹೊಲದ್ದು ಗೊತ್ತು. ಜಿಮೇಲ್ ತೆರೆದುಕೊಟ್ಟವನು ಫೋನ್ ಅಂಗಡಿಯ ಹುಡುಗ. ಅವತ್ತು ಗಿರಾಕಿ ಜಾಸ್ತಿ. ಕಾಕಾನ ಹೆಸರಿನ ಮುಂದೆ ಕೈಗೆ ಬಂದ ನಾಲ್ಕು ಅಂಕಿ ಒತ್ತಿ, ಪಾಸ್‌ವರ್ಡನ್ನೂ ತಾನೇ ಇಟ್ಟು, "ಆತ್ರೀ" ಎಂದು ಕೊಟ್ಟಿದ್ದ. ನಮ್ಮ ಕಡೆ ಅರ್ಧ ಊರಿನ ಡಿಜಿಟಲ್ ಜಾತಕ ಬರೆದವರು ಇಂಥ ಹುಡುಗರೇ.

ಕಾಕಾ ಒಮ್ಮೆ ತಪ್ಪಿ ನನಗೊಂದು ಮೇಲ್ ಕಳಿಸಿದ್ದರು. ಅದರಿಂದ ವಿಳಾಸ ಸಿಕ್ಕಿತು. ನನ್ನ ಫೋನಿನಲ್ಲಿ ಖಾತೆ ವಾಪಸ್ ಪಡೆಯಲು ಕುಳಿತೆವು. ಗೂಗಲ್ ಹೇಳಿತು: ನಿಮ್ಮ ಫೋನಿಗೆ ಸೂಚನೆ ಕಳಿಸಿದ್ದೇವೆ, ಅದನ್ನು ತೆರೆದು ಹೌದು ಎಂದು ಒತ್ತಿ. ಯಾವ ಫೋನಿಗೆ? ಮೇಜಿನ ಮೇಲೆ ಬಾಯಿ ಮುಚ್ಚಿಕೊಂಡು ಮಲಗಿದ್ದ ಅದೇ ಫೋನಿಗೆ. ಬೇರೆ ದಾರಿ ಇದೆಯಾ ಎಂದರೆ, ಇದೆ, ಮೊಬೈಲ್ ನಂಬರಿಗೆ ಒಟಿಪಿ ಬರುತ್ತದೆ. ಅದು ಹಳೆಯ ನಂಬರು. ರೀಚಾರ್ಜ್ ಮಾಡದೆ ಬಿಟ್ಟಿದ್ದಕ್ಕೆ ಬಂದ್ ಆಗಿ, ಈಗ ಬೇರೆ ಯಾರಿಗೋ ಸಿಕ್ಕಿದೆ.

ಕಾಕಾ ಬಿಡುವ ಆಸಾಮಿಯಲ್ಲ. ಕಾಕುವಿನ ಫೋನಿನಿಂದ ಆ ನಂಬರಿಗೆ ಹಚ್ಚಿದರು. ಸಿಂದಗಿ ಕಡೆಯ ಯಾರೋ ಎತ್ತಿದರು.

"ನಮಸ್ಕಾರ್ರೀ. ನಿಮಗೀಗ ಒಂದು ಆರಂಕಿ ನಂಬರ್ ಬಂದಿರಬೇಕು, ಸ್ವಲ್ಪ ಓದ್ರಿ."

"ಒಟಿಪಿ ಏನ್ರಿ? ಯಾರಿಗೂ ಹೇಳಬ್ಯಾಡ್ರಿ ಅಂತಾರಲ್ಲ."

"ಅದು ನಂದs ಒಟಿಪಿ ರೀ."

"ಎಲ್ಲಾರೂ ಹಂಗ ಹೇಳೂದು. 1930ಕ್ಕ ಹಚ್ಚಲೇನು?"

1930 ಅಂದರೆ ಸೈಬರ್ ವಂಚನೆಯ ಸಹಾಯವಾಣಿ. ಕಾಕಾ ಫೋನ್ ಕೆಳಗಿಟ್ಟರು. ಅವನ ಮೇಲೆ ಸಿಟ್ಟು ಮಾಡುವ ಹಾಗೂ ಇಲ್ಲ. ಸರ್ಕಾರ ಇಷ್ಟು ವರ್ಷ ಗಂಟಲು ಹರಿದುಕೊಂಡು ಹೇಳಿದ್ದನ್ನು ಕೇಳಿದ ಪ್ರಜೆ ಒಬ್ಬನಿದ್ದ, ಅವನು ನಮಗೇ ಸಿಗಬೇಕಾ?

ಮಾರ್ಕೆಟ್ಟಿನ ಮೂಲೆಯಲ್ಲಿ ಒಬ್ಬ ಫೋನನ್ನು ಒಮ್ಮೆ ತಿರುಗಿಸಿ ನೋಡಿ, "ಐನೂರು ಕೊಡ್ರಿ, ಸಂಜೀಕ ಬರ್ರಿ" ಎಂದ. ಯಾರ ಫೋನ್ ಎಂದು ಕೇಳಲೇ ಇಲ್ಲ. ಕದ್ದು ತಂದವನಿಗೂ ಇದೇ ರೇಟು, ಇದೇ ಸಂಜೆ. ನನಗೆ ಮನಸ್ಸಾಗಿತ್ತು, ಸುಳ್ಳು ಯಾಕೆ ಹೇಳಲಿ. ಕಾಕಾ ಒಪ್ಪಲಿಲ್ಲ. "ನನ್ನ ಮನೀಗೆ ನಾ ಯಾಕ ಹಿತ್ತಲ ಗ್ವಾಡಿ ಜಿಗಿದು ಹೋಗ್ಲಿ?"

ಸರ್ವಿಸ್ ಸೆಂಟರಿನವರು ಬಿಲ್ ಕೇಳಿದರು. ಫೋನಿನ ಡಬ್ಬಿಯಲ್ಲಿ ಕಾಕು ಸೂಜಿ, ದಾರ, ಗುಂಡಿ ಇಟ್ಟುಕೊಂಡಿದ್ದರು. ಎಲ್ಲ ಸುರುವಿ ನೋಡಿದರೆ ತಳದಲ್ಲಿ ಬಿಲ್ ಇತ್ತು. ಮಡಿಕೆ ಬಿಚ್ಚಿದರೆ ಬೆಳ್ಳಗೆ. ಮೂರು ವರ್ಷದಲ್ಲಿ ಅಕ್ಷರವೆಲ್ಲ ಹಾರಿಹೋಗಿ, ಒಂದು ಮೂಲೆಯಲ್ಲಿ ಅರಿಶಿನದ ಬೆರಳಚ್ಚು ಮಾತ್ರ ಉಳಿದಿತ್ತು. ಕೌಂಟರಿನ ಹುಡುಗಿ ಅದನ್ನು ಬೆಳಕಿಗೆ ಹಿಡಿದು, "ಇದರಾಗ ಏನೂ ಇಲ್ರಿ" ಎಂದಳು. ಡಬ್ಬಿಯ ಮೇಲಿನ 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರು, ಫೋನಿಗೆ ಹೊಂದಿತು. ಆಧಾರಿನ ಮುಖ ಕಾಕಾನ ಮುಖಕ್ಕೆ ಸುಮಾರಾಗಿ ಹೊಂದಿತು. ಆದರೂ ಬಿಲ್ ಬೇಕು. ಅಂಗಡಿಗೆ ಹೋಗಿ ನಕಲು ತನ್ನಿ, ಸೀಲ್ ಹಾಕಿಸಿ ತನ್ನಿ, ಆಮೇಲೆ ಅರ್ಜಿ.

ಮೂರನೇ ಸಲ ಬಿಸಿಲಲ್ಲಿ ತಿರುಗಿ ಬಂದ ಕಾಕಾ ಕಟ್ಟೆಯ ಮೇಲೆ ಕುಳಿತು ವ್ಯವಸ್ಥೆಯನ್ನು ಬಯ್ಯತೊಡಗಿದರು. ಕಾಕು ನೀರಿನ ತಂಬಿಗೆ ಇಟ್ಟು ಇಷ್ಟೇ ಅಂದರು: "ನೀವು ಪಿಂಚಣಿ ಟೇಬಲ್ ಮ್ಯಾಲೆ ಇದ್ದಾಗ, ಮುಂದ ಬಂದು ನಿಂತ ಮುದುಕರಿಗೆ ಏನಂತಿದ್ರಿ? ಜೀವಂತ ಅದೀರಿ ಅಂತ ಸರ್ಟಿಫಿಕೇಟ್ ತರ್ರಿ ಅಂತಿದ್ರಿಲ್ಲೋ?" ಕಾಕಾ ನೀರು ಕುಡಿದರು.

ಮುಂದಿನ ವಾರ ಫೋನ್ ತೆರೆಯಿತು. ಹೊಸ ಖಾತೆ, ಹೊಸ ಪಾಸ್‌ವರ್ಡ್, ಈಗಿನ ನಂಬರು. ಈ ಸಲ ಪ್ಯಾಟರ್ನ್ ಬೇಡ, ಪಿನ್ ಇರಲಿ ಎಂದಾಯಿತು. "ಕೊಡ್ರಿಲ್ಲೆ, ನಾ ನೆನಪಿಡತೀನಿ" ಎಂದು ಕಾಕು ಫೋನ್ ಇಸಿದುಕೊಂಡು, ಸೆರಗು ಅಡ್ಡ ಹಿಡಿದು, ನಾಲ್ಕು ಅಂಕಿ ಒತ್ತಿದರು.

ಈಗ ಫೋನ್ ಲಾಕ್ ಆದಾಗೆಲ್ಲ ಕಾಕಾ ಅಡಿಗೆಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸುವುದಿಲ್ಲ, ತಲೆಯನ್ನೂ ಎತ್ತುವುದಿಲ್ಲ.

"ಯಾಕ ಬೇಕಾಗಿತ್ತು?"