ರಾಕ್ಷಸನ ಕೈಯಲ್ಲಿ ಬೆಂಕಿ ಇರುತ್ತಾ?

ಕಿರೀಟದ ಎತ್ತರ ಎಷ್ಟು? ಹಾಡುವ ಭಾಗವತರಿಗೆ ಪದ್ಯ ನೋಡಿಕೊಳ್ಳಲು ಬೇರೆ ದೀಪ ಬೇಕಾ? ಚಂಡೆಯವರು ನಿಂತೇ ಬಾರಿಸುತ್ತಾರಲ್ಲ, ಅವರ ಮೈಕ್ ಎಲ್ಲಿಡೋಣ? ರಾಕ್ಷಸನ ಬಣ್ಣದ ವೇಷ ಬರುವಾಗ ಕೈಯಲ್ಲಿ ಬೆಂಕಿ ಇರುತ್ತಾ? ಇದ್ದರೆ ಅದಕ್ಕೆ ಎರಚುವ ಪುಡಿ ಯಾವುದು?

ಇದನ್ನೆಲ್ಲ ಕೇಳಿದವರು ಉಡುಪಿಯವರಲ್ಲ, ಪುತ್ತೂರಿನವರೂ ಅಲ್ಲ. ಇಲ್ಲಿ ಸಿಂಗಪುರದ ಒಂದು ಕಲಾಕೇಂದ್ರದಲ್ಲಿ ಟೆಕ್ನಿಕಲ್ ಪ್ರೊಡಕ್ಷನ್ ನೋಡಿಕೊಳ್ಳುವ ಮುಖ್ಯಸ್ಥೆ. ಯಕ್ಷಗಾನದ ಹೆಸರು ಅವರ ಕಿವಿಗೆ ಬಿದ್ದದ್ದೇ ನಮ್ಮೂರ ಮೇಳ ಬರುತ್ತದೆ ಅಂತ ಗೊತ್ತಾದ ಮೇಲೆ. ಯೂಟ್ಯೂಬ್‌ನಲ್ಲಿ ಒಂದಿಷ್ಟು ಆಟ ನೋಡಿ, ನಿಲ್ಲಿಸಿ ನಿಲ್ಲಿಸಿ ಬರೆದುಕೊಂಡು ಪ್ರಶ್ನೆ ಕಳಿಸಿದ್ದರು. ಆಟಕ್ಕೆ ಇನ್ನೂ ಮೂರು ತಿಂಗಳಿತ್ತು.

ನಾನು ಲೈಟು, ಸೌಂಡು ಬಾಡಿಗೆಗೆ ಕೊಡುವ ಕಂಪನಿಯಲ್ಲಿ ಕೆಲಸಕ್ಕಿದ್ದೇನೆ. ಕನ್ನಡದವನು ಅಂತ ಮಧ್ಯಸ್ಥಿಕೆ ನನ್ನ ತಲೆಗೆ ಬಂತು. ಪ್ರಶ್ನೆಗಳನ್ನು ಕನ್ನಡ ಮಾಡಿ ಊರಿಗೆ ಕಳಿಸಿದೆ. ಸುದ್ದಿಯಿಲ್ಲ. ಕೊನೆಗೆ ನಾನೇ ಫೋನ್ ಮಾಡಿದಾಗ ಮೇಳದ ವ್ಯವಸ್ಥೆ ನೋಡುವವರು ನಕ್ಕು, "ಅದೆಲ್ಲ ಬಂದ ಮೇಲೆ ನೋಡುವ ಮಾರಾಯ್ರೆ. ನಾಲ್ಕು ಮೈಕ್ ಇದ್ದರೆ ಸಾಕು" ಅಂದರು.

ಅವರ ಮೇಲೆ ಸಿಟ್ಟೇನೂ ಬರಲಿಲ್ಲ. ಪಾಪ, ಅವರನ್ನು ಇಷ್ಟು ವರ್ಷದಲ್ಲಿ ಯಾರೂ ಏನೂ ಕೇಳಿಯೇ ಇಲ್ಲ. ಚುಚ್ಚಿದ್ದು ಬೇರೆ. ಬೆಂಗಳೂರಿನಲ್ಲಿ ಹವ್ಯಾಸಿ ತಂಡಗಳಿಗೆ ಲೈಟು ಮಾಡಿಕೊಂಡಿದ್ದ ದಿನಗಳಲ್ಲಿ ನನ್ನನ್ನೂ ಯಾವ ರಂಗಮಂದಿರದವರೂ ಏನೂ ಕೇಳಿದ್ದಿಲ್ಲ. ಬಾಡಿಗೆ ಕಟ್ಟಿದ ರಸೀದಿ ಇದೆಯಾ, ಅಷ್ಟೇ.

ಇಲ್ಲಿ ಆ ಹುದ್ದೆಯಲ್ಲಿರುವವರು ಮಾಡುವ ಕೆಲಸ ಅರ್ಧಕ್ಕರ್ಧ ಕೇಳುವುದೇ. ಒಂದೇ ಸೂರಿನ ಕೆಳಗೆ ನಾಲ್ಕೈದು ರಂಗ ಇರುತ್ತವೆ. ಸಿಂಗಪುರ ನೋಡಲು ಬಂದವರೆಲ್ಲ ಫೋಟೊ ತೆಗೆಸಿಕೊಳ್ಳುವ ಆ ಮುಳ್ಳು ಮುಳ್ಳಿನ ಎಸ್‌ಪ್ಲನೇಡ್ ಇದೆಯಲ್ಲ, 2002ರಲ್ಲಿ ಶುರುವಾದದ್ದು, ಅದರೊಳಗೆ ಸಂಗೀತಕ್ಕೇ ಅಂತ ಒಂದು ದೊಡ್ಡ ಸಭಾಂಗಣ, ನಾಟಕ-ನೃತ್ಯಕ್ಕೆ ಸುಮಾರು 2,000 ಜನ ಕೂರುವ ಇನ್ನೊಂದು, ಜೊತೆಗೆ ಚಿಕ್ಕ ಸ್ಟುಡಿಯೋಗಳು, ನೀರಿನ ಪಕ್ಕ ಒಂದು ಬಯಲು ರಂಗ. ಸಾಲದು ಅಂತ 2022ರಲ್ಲಿ 615 ಸೀಟಿನ ಇನ್ನೊಂದನ್ನು ಸೇರಿಸಿದರು. ಇಂಥ ಕಡೆ ಒಂದೇ ಸಂಜೆ ಒಂದರಲ್ಲಿ ವೀಣೆ, ಇನ್ನೊಂದರಲ್ಲಿ ಡ್ರಮ್ಸ್, ಮತ್ತೊಂದರಲ್ಲಿ ಮಕ್ಕಳ ನಾಟಕ ಇರಬಹುದು. ಸಾಮಾನಿನ ಲಾರಿ ನಿಲ್ಲುವ ಜಾಗ ಮಾತ್ರ ಎಲ್ಲರಿಗೂ ಅದೇ. ಯಾರ ಲಾರಿ ಎಷ್ಟು ಹೊತ್ತಿಗೆ? ಏಣಿ ಹತ್ತುವವನು ನಿನ್ನೆ ರಾತ್ರಿ ಎಷ್ಟಕ್ಕೆ ಮನೆಗೆ ಹೋದ? ಇವತ್ತು ಬೆಳಿಗ್ಗೆ ಅವನನ್ನೇ ಕರೆಯಬಹುದಾ? ರೇಡಿಯೋ ಮೈಕುಗಳ ಫ್ರೀಕ್ವೆನ್ಸಿ ಪಟ್ಟಿ ಎಲ್ಲ ಹಾಲ್‌ಗಳಿಂದ ಮೊದಲೇ ಬರಬೇಕು. ಇಲ್ಲದಿದ್ದರೆ ನಮ್ಮ ಭಾಗವತರ ಪದ ಪಕ್ಕದ ನಾಟಕದ ಮಧ್ಯೆ ಕೇಳಿಸಿಬಿಡಬಹುದು.

ಇನ್ನರ್ಧ ಕೆಲಸ "ಆಗಲ್ಲ" ಅನ್ನುವುದು. ಅವರು ಆಗಲ್ಲ ಅಂದರೆ ಆಗಲ್ಲ. ಯಾರಿಗೆ ಫೋನ್ ಮಾಡಿಸಿದರೂ ಅಷ್ಟೇ.

ಈಗ ನಮ್ಮ ಕಡೆಯ ಒಂದು ಜಿಲ್ಲಾ ರಂಗಮಂದಿರದ ಕತೆ ಕೇಳಿ. ಊರಿನ ಹೆಸರು ಬೇಡ, ಯಾವ ಜಿಲ್ಲೆಯವರು ಓದಿದರೂ ತಮ್ಮದೇ ಅಂದುಕೊಳ್ಳುತ್ತಾರೆ. ಬೀಗದ ಕೈ ವಾಚ್‌ಮನ್ ಹತ್ತಿರ. ಕರೆಂಟ್ ಬೋರ್ಡಿನ ಗುಟ್ಟು ಎಲೆಕ್ಟ್ರಿಷಿಯನ್ ಹತ್ತಿರ, ಅವರು ಮದುವೆಗೆ ಹೋಗಿದ್ದಾರೆ. ಬುಕಿಂಗ್ ಪುಸ್ತಕ ಗುಮಾಸ್ತರ ಹತ್ತಿರ. ಮೂವರಲ್ಲಿ ಯಾರೂ ನಾಟಕ ಶುರುವಾಗುವಾಗ ಇರುವುದಿಲ್ಲ. ನಾವು ಮಧ್ಯಾಹ್ನವೇ ಹೋಗಿ ಬಾಡಿಗೆ ಲೈಟು ಕಟ್ಟಿದೆವು. ಸಂಜೆ ನಾಲ್ಕಕ್ಕೆ ಫ್ಲೆಕ್ಸ್ ಬಂತು. ನಮ್ಮ ಹಿಂಪರದೆಯ ಮೇಲೇ ಕಟ್ಟಿದರು. ಸಭೆ ಮುಗಿದ ಮೇಲೆ ಬಿಚ್ಚುತ್ತೀರಲ್ವಾ ಅಂತ ಕೇಳಿದೆ. "ಬಿಚ್ಚೋ ಹಾಗಿಲ್ಲ, ಮಂತ್ರಿಗಳ ಫೋಟೊ ಇದೆ" ಅಂದರು. ನಾಟಕ ನಡೆಯಬೇಕಾದದ್ದು ಕಾಡಿನಲ್ಲಿ. ನಡೆದದ್ದು ಮಂತ್ರಿಗಳ ಮುಂದೆ.

ಅದಕ್ಕೂ ಮೊದಲು ಸಭೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ, ಶಾಲು, ಹಣ್ಣಿನ ಬುಟ್ಟಿ. ಮುಖ್ಯ ಅತಿಥಿಗಳು ಬಂದ ಮೇಲೇ ಎಲ್ಲ. ಬಣ್ಣ ಹಚ್ಚಿಕೊಂಡ ಹುಡುಗರು ವಿಂಗ್‌ನಲ್ಲಿ ಬೆವರುತ್ತಾ ನಿಂತಿದ್ದಾರೆ. ಕೊನೆಗೆ ಒಬ್ಬರು ಬಂದು ಕಿವಿಯಲ್ಲಿ, "ನಾಟಕ ಸ್ವಲ್ಪ ಚಿಕ್ಕದು ಮಾಡ್ರೀ" ಅನ್ನುತ್ತಾರೆ. ಇದನ್ನು ಹೇಳುವ ಅಧಿಕಾರ ಅವರಿಗೆ ಯಾರು ಕೊಟ್ಟರೋ ಗೊತ್ತಿಲ್ಲ. ಬೇಡ ಅನ್ನುವ ಅಧಿಕಾರ ಮಾತ್ರ ಅಲ್ಲಿ ಯಾರಿಗೂ ಇಲ್ಲ. ನನ್ನ ತಕರಾರು ಇಷ್ಟೇ. ಕಟ್ಟಡ, ಗ್ರಾನೈಟ್, ಮೆತ್ತನೆಯ ಕುರ್ಚಿ, ಎಲ್ಲಕ್ಕೂ ನಮ್ಮಲ್ಲಿ ದುಡ್ಡಿದೆ. ರಂಗದ ಮೇಲಿನ ಕೆಲಸವನ್ನು ಮೊದಲೇ ವಿಚಾರಿಸಿ, ಆ ಸಂಜೆ ಅಲ್ಲೇ ನಿಂತು ಕೊನೆಯ ಮಾತು ಹೇಳುವ ಒಬ್ಬರಿಗೆ ಸಂಬಳ ಕೊಡಲು ಮಾತ್ರ ಮನಸ್ಸಿಲ್ಲ.

ಇದೇನು ನಮಗೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಹಳೆಯ ಗುಬ್ಬಿ ನಾಟಕ ಕಂಪನಿಯವರು ಕುರುಕ್ಷೇತ್ರ ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದವರು. ಆ ಆನೆಗೆ "ಈಗ ಹೋಗು" ಅಂತ ಹೇಳಲು ಒಬ್ಬ ಇದ್ದೇ ಇರಬೇಕಲ್ಲ? ಅವನ ಮಾತು ನಡೆಯದಿದ್ದರೆ ಮುಂದಿನ ಸಾಲಿನವರ ಗತಿ ಏನು! ಬೆಂಗಳೂರಿನಲ್ಲೇ, 2004ರಿಂದ ರಂಗಶಂಕರ ಹೇಳಿದ ಹೊತ್ತಿಗೆ ಬಾಗಿಲು ಹಾಕಿಕೊಂಡು ಬಂದಿದೆ. ತಡವಾಗಿ ಬಂದವರು ಯಾರೇ ಆಗಲಿ ಹೊರಗೆ. ಮೊದಮೊದಲು ಬೈದುಕೊಂಡವರೇ ಈಗ ಟ್ರಾಫಿಕ್ ಲೆಕ್ಕ ಹಾಕಿ ಬೇಗ ಹೊರಡುತ್ತಾರೆ. ಅಂದರೆ ಜನಕ್ಕೆ ತೊಂದರೆ ಇಲ್ಲ. ಹೇಳುವವರು ಬೇಕು.

ನಮ್ಮ ಆಟದ ದಿನಕ್ಕೆ ಬರುತ್ತೇನೆ. ಹೊರನಾಡಿಗೆ ಬಂದರೂ ನಾವು ನಾವೇ. ಸಭಾ ಕಾರ್ಯಕ್ರಮ ಇಲ್ಲಿಯೂ ಇತ್ತು. ಪ್ರಶ್ನೆ ಕಳಿಸಿದ್ದ ಆ ಮುಖ್ಯಸ್ಥೆ ಬೇಡ ಅನ್ನಲಿಲ್ಲ. ಶಾಲು ಎಷ್ಟು, ಯಾವ ವಿಂಗ್‌ನಿಂದ ಯಾರು ತರುತ್ತಾರೆ, ಭಾಷಣ ಎಷ್ಟು ನಿಮಿಷ ಅಂತ ಕೇಳಿ ಬರೆದುಕೊಂಡರು. ಎಲ್ಲ ಪರದೆಯ ಮುಂದೆ. ಹಿಂದೆ ಅಷ್ಟರಲ್ಲಿ ಹಿಮ್ಮೇಳ ಕೂತಾಗಿತ್ತು. ಶ್ರುತಿ ಸರಿ ಮಾಡಿಕೊಂಡಾಗಿತ್ತು. ಬಣ್ಣ ಹಚ್ಚುವ ಕೋಣೆ, ಅಂದರೆ ಚೌಕಿಯಲ್ಲಿ ಗಣಪತಿ ಪೂಜೆಗೆ ದೀಪ ಹಚ್ಚಬೇಕು ಅಂದಾಗ ಹೊಗೆ ಕಂಡರೆ ಕೂಗುವ ಯಂತ್ರವನ್ನು ಆ ಕೋಣೆಯಲ್ಲಿ ಅಷ್ಟು ಹೊತ್ತು ಆರಿಸಿ, ಬೆಂಕಿ ನಂದಿಸುವ ಸಿಲಿಂಡರ್ ಹಿಡಿದ ಒಬ್ಬನನ್ನು ಬಾಗಿಲಲ್ಲಿ ನಿಲ್ಲಿಸಿದರು. ಅವನಿಗೂ ಮಂಗಳಾರತಿ ಸಿಕ್ಕಿತು. ಸೌಂಡಂತೂ, ಮದ್ದಳೆಯ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಗದ್ದೆಯಲ್ಲಿ ಕೂತು ಆಟ ನೋಡಿದ ನನಗೆ ಅದು ಹೊಸದು.

ಆದರೆ ಬಣ್ಣದ ವೇಷಕ್ಕೆ ಉರಿಯುವ ದೊಂದಿ ಸಿಗಲಿಲ್ಲ. ಅದಕ್ಕೆ ಎರಚುವ ರಾಳದ ಪುಡಿಯ ಮಾತು ಎತ್ತುವ ಹಾಗೂ ಇರಲಿಲ್ಲ. ಬದಲಿಗೆ ಕೇಸರಿ ಬಣ್ಣದ ಎಲ್‌ಇಡಿ ಪಕಪಕ ಅಂತು. ರಾಕ್ಷಸ ಬಂದ, ಅಬ್ಬರಿಸಿದ, ಯಾವ ಮಗುವೂ ಅಳಲಿಲ್ಲ. ಆಟ ಮುಗಿದ ಮೇಲೆ ಆ ಕಲಾವಿದರು ಬಣ್ಣ ತೆಗೆಯುತ್ತಾ, "ಬೆಂಕಿ ಇಲ್ಲದೆ ನನಗೆ ಕೋಪವೇ ಬರಲಿಲ್ಲ ಮಾರಾಯ್ರೆ" ಅಂದರು. ಬೆಳಗಿನವರೆಗೆ ನಡೆಯುವ ಪ್ರಸಂಗ ಎರಡೂವರೆ ಗಂಟೆಯಲ್ಲಿ ಮುಗಿಯಬೇಕಿತ್ತು. ಕೊನೆಯ ಯುದ್ಧಕ್ಕೆ ಭಾಗವತರು ಬಿಸಿ ಏರಿಸುತ್ತಿದ್ದಾಗಲೇ ಹೊತ್ತಾಯಿತು ಅಂತ ಸೂಚನೆ ಬಂತು. ಒಂದು ನಿಮಿಷ ಮೀರಿದರೂ ಕೆಲಸಗಾರರ ಹೆಚ್ಚುವರಿ ಗಂಟೆಯ ಬಿಲ್ಲು. ಅನುಭವಸ್ಥರು, ಎರಡು ಪದ ಹಾರಿಸಿ ಮಂಗಳ ಹಾಡಿಬಿಟ್ಟರು. ಅಲ್ಲಿ ನಾಟಕ ಚಿಕ್ಕದು ಮಾಡಿಸಿದ್ದು ಅತಿಥಿಗಳು, ಇಲ್ಲಿ ಗಡಿಯಾರ. ಅಷ್ಟು ಮಟ್ಟಿಗೆ ಎರಡೂ ಒಂದೇ ಅಂತ ನನ್ನ ಹೆಂಡತಿ ಹೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದನ್ನೂ ಒಪ್ಪಬೇಕು. ಹೆಗ್ಗೋಡಿನ ನೀನಾಸಂ ತಿರುಗಾಟದವರು 1985ರಿಂದ ನಾಟಕ ಹೊತ್ತು ಊರೂರು ಸುತ್ತುತ್ತಿದ್ದಾರೆ. ಬೆಳಿಗ್ಗೆ ಬಂದಿಳಿದು, ನಟರೇ ಸೆಟ್ಟು ಕಟ್ಟಿ, ಲೈಟು ಕಟ್ಟಿ, ಸಂಜೆ ಬಣ್ಣ ಹಚ್ಚಿ ನಿಂತರೆ ಹೈಸ್ಕೂಲಿನ ಅಂಗಳವೂ ರಂಗಮಂದಿರ. ಇಲ್ಲಿ ನಟ ಏಣಿ ಮುಟ್ಟುವಂತಿಲ್ಲ. ಒಮ್ಮೆ ಇಲ್ಲಿ ಬೆಳಕು ಏರಿಸಿ ಇಳಿಸುವ ಡಿಮ್ಮರ್ ಕೈಕೊಟ್ಟಾಗ ಕಂಪನಿಯವನು ಬಂದು ನೋಡುವವರೆಗೆ ಎಲ್ಲರೂ ಕಾಫಿ ಕುಡಿಯುತ್ತಾ ಕೂತಿದ್ದೆವು. ನಮ್ಮೂರ ಲೈಟಿನ ಹುಡುಗರಾಗಿದ್ದರೆ ಅಷ್ಟರಲ್ಲಿ ಏನೋ ಒಂದು ಸುತ್ತಿ ಬೆಳಕು ತಂದಿರುತ್ತಿದ್ದರು. ಹಾಗೆ ಸುತ್ತಲು ಹೋಗಿ ಶಾಕ್ ಹೊಡೆಸಿಕೊಂಡವರೂ ನನಗೆ ಗೊತ್ತು, ಅದು ಬೇರೆ ಮಾತು.

ಆದರೂ ನನ್ನ ತಕರಾರು ಹಾಗೇ ಇದೆ. ಮೊನ್ನೆ ಊರಿನ ಗೆಳೆಯ ಫೋನ್ ಮಾಡಿದ್ದ. ತಾಲ್ಲೂಕಿಗೆ ಹೊಸ ರಂಗಮಂದಿರ ಬರುತ್ತಿದೆಯಂತೆ. ಎಸಿ ಅಂತೆ, ಪುಶ್‌ಬ್ಯಾಕ್ ಕುರ್ಚಿ ಅಂತೆ. ಖುಷಿಯಲ್ಲಿದ್ದ. ಸ್ಟೇಜ್ ನೋಡಿಕೊಳ್ಳೋಕೆ ಯಾರನ್ನ ತಗೋತಾರೆ ಅಂತ ಕೇಳಿದೆ.

"ಎರಡು ವಾಚ್‌ಮನ್ ಪೋಸ್ಟ್ ಮಂಜೂರಾಗಿದೆ ಕಣೋ" ಅಂದ.