ನಾಟಾಕ್ಕೆಂದೇ ಹಾಕಿದ ಹಳಿ, ನಾಟಾ ಮಾತ್ರ ಲಾರಿಯಲ್ಲಿ

ಮೊನ್ನೆ ದಾಂಡೇಲಿಯಿಂದ ಹಳಿಯಾಳಕ್ಕೆ ಬೈಕ್‌ನಲ್ಲಿ ಹೊರಟಿದ್ದೆ. ಮುಂದೆ ನಾಟಾ, ಅಂದರೆ ಮರದ ದಿಮ್ಮಿ, ತುಂಬಿದ ಲಾರಿ. ಸಾಗವಾನಿ ದಿಮ್ಮಿಗಳು ಬಾಡಿಯಿಂದ ಹೊರಗೆ ಚಾಚಿದ್ದವು. ತುದಿಗೆ ಕಟ್ಟಿದ್ದ ಕೆಂಪು ಬಟ್ಟೆ ಧೂಳು ಕುಡಿದು ಮಣ್ಣಿನ ಬಣ್ಣಕ್ಕೆ ಬಂದಿತ್ತು. ಒಂದೊಂದು ದಿಮ್ಮಿಯ ಕೊಯ್ದ ಮುಖದ ಮೇಲೂ ಅರಣ್ಯ ಇಲಾಖೆಯ ಸುತ್ತಿಗೆ ಗುರುತು, ಪೇಂಟಿನಲ್ಲಿ ನಂಬರು. ಆ ನಂಬರು ಓದುವಷ್ಟು ಹತ್ತಿರ ಇದ್ದೆ ನೋಡಿ! ಓವರ್‌ಟೇಕ್ ಮಾಡಲು ಜಾಗವೇ ಇಲ್ಲ. ರಸ್ತೆ ಉಬ್ಬು ಬಂದಾಗೆಲ್ಲ ಚೈನು ಕಿರ್ ಅನ್ನುತ್ತಿತ್ತು. ಅದು ಹರಿದರೆ ಮೊದಲ ದಿಮ್ಮಿ ನನ್ನ ಎದೆಗೇ.

ಸಿಟ್ಟು ಬಂದಿದ್ದು ಲಾರಿಯ ಮೇಲಲ್ಲ. ಅಳ್ನಾವರದಿಂದ ದಾಂಡೇಲಿಗೆ ರೈಲು ಬಂದಿದ್ದೇ ಈ ನಾಟಾಕ್ಕಾಗಿ. ಬ್ರಿಟಿಷರಿಗೆ ನಮ್ಮ ಜನರನ್ನು ಧಾರವಾಡ ಸಂತೆಗೆ ಕಳಿಸುವ ಆಸೆಯೇನೂ ಇರಲಿಲ್ಲ, ಕಾಡಿನ ಮರ ಬೇಕಿತ್ತು. ಕೇರಳದ ನಿಲಂಬೂರು–ಶೋರನೂರು ಲೈನೂ ಇದೇ ಜಾತಿಯದು. 1927ರಲ್ಲಿ ತೇಗ ಸಾಗಿಸಲು ಬಂತು. ಎರಡನೇ ಮಹಾಯುದ್ಧದಲ್ಲಿ ಹಳಿಯನ್ನೇ ಕಿತ್ತುಕೊಂಡು ಹೋದರು, ಸ್ವಾತಂತ್ರ್ಯ ಬಂದ ಮೇಲೆ ಮತ್ತೆ ಹಾಕಿದ್ದು. ನಮ್ಮಲ್ಲಿ ಹಳಿ ಉಳಿಯಿತು, ಆದರೆ ಜನರ ಗಾಡಿ ವರ್ಷಗಟ್ಟಲೆ ನಿಂತುಹೋಗಿತ್ತು. 2019ರ ನವೆಂಬರ್‌ನಲ್ಲಿ ದಾಂಡೇಲಿಯ ಅಂಬೇವಾಡಿ ಸ್ಟೇಷನ್ನಿಗೆ ಮತ್ತೆ ರೈಲು ಬಂದಾಗ ಊರಿಗೆಲ್ಲ ಖುಷಿ. ನಾಟಾದ ಬಗ್ಗೆ ಮಾತ್ರ ಯಾರೂ ಸೊಲ್ಲೆತ್ತಲಿಲ್ಲ.

ತೂಕದ ಲೆಕ್ಕ ಹಾಕಿ. 2018ರಲ್ಲಿ ಮಿತಿ ಏರಿಸಿದ ಮೇಲೂ ಹತ್ತು ಚಕ್ರದ ಲಾರಿ, ಗಾಡಿಯ ತೂಕವೂ ಸೇರಿ, 28.5 ಟನ್ ದಾಟುವಂತಿಲ್ಲ. ಒಂದು ರೈಲ್ವೆ ವ್ಯಾಗನ್ 60 ಟನ್ ಆಸುಪಾಸು ಮಾಲನ್ನೇ ಹೊರುತ್ತದೆ. ಲಾರಿಯ ಸ್ವಂತ ತೂಕ ಕಳೆದು ನೋಡಿದರೆ ಅದು ಮೂರು ಲಾರಿಯ ಮಾಲು. ಆದರೆ ದುಂಡು ಮರ ಜಾಗ ಜಾಸ್ತಿ ತಿನ್ನುತ್ತದೆ, ಹಾಗಾಗಿ ಎರಡು ಅಂತಲೇ ಇಟ್ಟುಕೊಳ್ಳಿ. ಎರಡಾದರೂ ಸಣ್ಣ ಮಾತಾ?

ಹಾಗಾದರೆ ನಾಟಾ ರೈಲಿನಲ್ಲಿ ಯಾಕೆ ಹೋಗುತ್ತಿಲ್ಲ? ಅರಣ್ಯ ಇಲಾಖೆಯ ನಾಟಾ ಡಿಪೋ ಹರಾಜು ನೋಡಿದವರಿಗೆ ಗೊತ್ತು. ಒಬ್ಬ ನಾಲ್ಕು ಲಾಟ್, ಅಂದರೆ ದಿಮ್ಮಿಯ ರಾಶಿ, ಹಿಡಿಯುತ್ತಾನೆ, ಇನ್ನೊಬ್ಬ ಎರಡು. ಯಾರ ಹತ್ತಿರವೂ ಒಂದೆರಡು ಲಾರಿಗಿಂತ ಜಾಸ್ತಿ ಮಾಲು ಇರಲ್ಲ. ರೈಲ್ವೆ ಕೇಳುವುದು ರೇಕ್, ಅಂದರೆ ಇಡೀ ಗಾಡಿ. ಕಲ್ಲಿದ್ದಲು ಒಯ್ಯುವ ರೇಕಿನಲ್ಲಿ 58 ವ್ಯಾಗನ್ ಇರುತ್ತವೆ. ಬಿಡಿ ವ್ಯಾಗನ್ ಬುಕ್ ಮಾಡುವ ಪದ್ಧತಿಯನ್ನು ರೈಲ್ವೆ ದಶಕಗಳ ಹಿಂದೆಯೇ ಕಡಿಮೆ ಮಾಡುತ್ತಾ ಬಂತು. ಸಣ್ಣ ವ್ಯಾಪಾರಿ ಲಾರಿ ಹತ್ತದೆ ಇನ್ನೇನು ಮಾಡಬೇಕು?

ಮೇಲೆ ಹಮಾಲಿ ಖರ್ಚು ಬೇರೆ. ಡಿಪೋದಲ್ಲಿ ಏರಿಸು, ಸ್ಟೇಷನ್ನಿನಲ್ಲಿ ಇಳಿಸು, ವ್ಯಾಗನ್ನಿಗೆ ಏರಿಸು, ಆ ಕಡೆ ಮತ್ತೆ ಅದೇ ಪಾಡು. ಹುಬ್ಬಳ್ಳಿಗೆ ಹೋಗುವ ಮಾಲಿಗೆ ರೈಲು ಅಂದರೆ ನಾನೇ ನಗುತ್ತೇನೆ. ಬೆಂಗಳೂರಿಗೋ ಗುಜರಾತಿಗೋ ಹೋಗುವ ಮಾಲಿನ ಮಾತು ಬೇರೆ.

ನಾನು ಕೇಳುವುದು ಇಷ್ಟೇ: ಹರಾಜಾದ ವಾರ ನಾಲ್ಕೈದು ವ್ಯಾಗನ್ ಅಂಬೇವಾಡಿಯಲ್ಲಿ ನಿಲ್ಲಿಸಿ. ಹತ್ತು ವ್ಯಾಪಾರಿಗಳ ಮಾಲು ಒಟ್ಟಿಗೆ ತುಂಬಲಿ. ಅಳ್ನಾವರಕ್ಕೆ ಒಯ್ದು ದೊಡ್ಡ ಗಾಡಿಗೆ ಜೋಡಿಸಿ. ಮೊದಲು ಬ್ರಾಂಚ್ ಲೈನುಗಳಲ್ಲಿ ಮಿಕ್ಸೆಡ್ ಗಾಡಿ ಅಂತ ಓಡುತ್ತಿರಲಿಲ್ವಾ, ಮುಂದೆ ಜನ, ಹಿಂದೆ ಮಾಲು? ಆ ಬುದ್ಧಿ ಈಗ ಎಲ್ಲಿ ಹೋಯಿತು?

ಹಳಿಯಾಳದಲ್ಲಿ ಅದೇ ಲಾರಿ ಚಹಾ ಅಂಗಡಿ ಮುಂದೆ ನಿಂತಿತ್ತು. ಡ್ರೈವರ್ ಅಣ್ಣನ ಹತ್ತಿರ ಇದನ್ನೇ ಹೇಳಿದೆ.

‘ರೈಲಿಗೆ ಹಾಕಿದ್ರ ನಮ್ಮ ಹೊಟ್ಟಿಗೇನ್ರಿ?’

‘ಡಿಪೋದಿಂದ ಸ್ಟೇಷನ್ನಿಗೆ ನೀವೇ ಒಯ್ಯಬೇಕಲ್ರಿ ಅಣ್ಣಾ.’

ಚಹಾದ ಗ್ಲಾಸು ಕೆಳಗಿಟ್ಟು ಸ್ವಲ್ಪ ಹೊತ್ತು ಲೆಕ್ಕ ಹಾಕಿದ. ‘ರೊಕ್ಕ ಕಡಿಮಿ ಬರತೈತಿ. ಆದ್ರ ರಾತ್ರಿ ಮನ್ಯಾಗ ಮಲಗಬಹುದು ನೋಡ್ರಿ’ ಅಂದವನೇ ಎದ್ದು ಚೈನು ಬಿಗಿ ಮಾಡಲು ಹೋದ.